ಸ್ಟಟ್‌ಗಾರ್ಟ್‌ಗೆ ಓದಲು ಬಂದೆ: ಇಲ್ಲಿ ಯಾರನ್ನೂ ಕೇಳುವ ಹಾಗಿಲ್ಲ, ಎಲ್ಲ ಓದಿಯೇ ತಿಳಿಯಬೇಕು

ಬಸವನಗುಡಿ ಹುಡುಗಿ

ಎಲ್ಲರಿಗೂ ನಮಸ್ಕಾರ. ಎಪಿಎಸ್ (ನಮ್ಮ ಅಂಕಪಟ್ಟಿ ಅಸಲಿ ಅಂತ ಜರ್ಮನಿಯವರು ಕೊಡುವ ಸರ್ಟಿಫಿಕೇಟ್), ವೀಸಾ, ಬ್ಲಾಕ್ಡ್ ಅಕೌಂಟ್ (ವೀಸಾಗೆ ಮುಂಚೆ ಖರ್ಚಿನ ದುಡ್ಡು ಕಟ್ಟಿಡುವ ಖಾತೆ) ಅಂತ ವರ್ಷಪೂರ್ತಿ ಇಲ್ಲಿ ನಿಮ್ಮ ತಲೆ ತಿಂದವಳು ನಾನೇ. 2025ರ ಸೆಪ್ಟೆಂಬರ್ ಕೊನೆಗೆ ಜರ್ಮನಿಯ ಸ್ಟಟ್‌ಗಾರ್ಟ್‌ಗೆ ಬಂದು ಇಳಿದೆ. ಮೆಕ್ಯಾನಿಕಲ್ ಕಡೆಯ ಮಾಸ್ಟರ್ಸ್. ಅಕ್ಟೋಬರ್ ಮಧ್ಯದಿಂದ ಕ್ಲಾಸು ಶುರುವಾಗಿದೆ. ಮುಂದಿನ ಬ್ಯಾಚಿನವರು "ಹೇಗಿದೆ ಅಕ್ಕಾ" ಅಂತ ಮೆಸೇಜ್ ಮಾಡುತ್ತಿದ್ದಾರೆ. ಒಬ್ಬೊಬ್ಬರಿಗೆ ಬರೆಯುವ ಬದಲು ಎಲ್ಲ ಇಲ್ಲೇ ಹಾಕುತ್ತೇನೆ.

ಚಳಿ ವಿಷಯ ಬಿಡಿ. ಅದನ್ನು ಎಲ್ಲರೂ ಹೇಳಿ ಹೇಳಿ ಕಳಿಸಿದ್ದರು. ಊರು ಚೆನ್ನಾಗಿದೆ. ಸುತ್ತ ಗುಡ್ಡ, ನಡುವೆ ತಗ್ಗಿನಲ್ಲಿ ಊರು. ಗುಡ್ಡದ ಮೇಲೆ ದ್ರಾಕ್ಷಿ ತೋಟ, ಅದೂ ಊರೊಳಗೇ. ಮನೆಗಳ ನಡುವೆ ಕಲ್ಲಿನ ಮೆಟ್ಟಿಲು ದಾರಿಗಳಿವೆ. ಇಡೀ ಊರಿನಲ್ಲಿ ಅಂಥವು 400ಕ್ಕೂ ಜಾಸ್ತಿ ಇವೆಯಂತೆ. ಬ್ಯೂಗಲ್ ರಾಕ್ ಹತ್ತಿ ಇಳಿದದ್ದನ್ನೇ ದೊಡ್ಡ ಸಾಹಸ ಅಂದುಕೊಂಡಿದ್ದವಳಿಗೆ ಮೊದಲ ವಾರ ಮೀನಖಂಡ ಹಿಡಿದುಕೊಂಡಿತ್ತು.

ನನ್ನನ್ನು ನಿಜಕ್ಕೂ ಗೊಂದಲಕ್ಕೆ ಹಾಕಿದ್ದು ಬೇರೆ. ಬೆಂಗಳೂರಿನಲ್ಲಿ ನಾವು ಬದುಕುವುದೇ ಕೇಳಿಕೊಂಡು. ಬಸ್ ಎಲ್ಲಿ ನಿಲ್ಲುತ್ತದೆ? ಪಕ್ಕದವರನ್ನು ಕೇಳು. ಯಾವ ಕೌಂಟರ್‌ಗೆ ಹೋಗಬೇಕು? ಆಫೀಸಿನ ಎದುರಿನ ಜೆರಾಕ್ಸ್ ಅಂಗಡಿಯವನನ್ನು ಕೇಳು. ಯಾವ ಫಾರ್ಮು, ಎಷ್ಟು ಫೋಟೋ, ಸಾಹೇಬರು ಊಟಕ್ಕೆ ಹೋಗುವುದು ಎಷ್ಟು ಗಂಟೆಗೆ, ಒಳಗಿನವರಿಗಿಂತ ಅವನಿಗೇ ಜಾಸ್ತಿ ಗೊತ್ತಿರುತ್ತದೆ. ಬೋರ್ಡು ಇದ್ದರೂ ನಾವು ಓದುವುದಿಲ್ಲ. ಓದಿದರೂ ನಂಬುವುದಿಲ್ಲ, ಇನ್ನೊಮ್ಮೆ ಯಾರನ್ನಾದರೂ ಕೇಳುತ್ತೇವೆ.

ಇಲ್ಲಿ ಎಲ್ಲವೂ ಎಲ್ಲಾದರೂ ಬರೆದಿರುತ್ತದೆ. ಬಸ್ ಸ್ಟಾಪಿನಲ್ಲಿ ನಿಮಿಷ ಸಮೇತ ಟೈಮ್‌ಟೇಬಲ್. ವಾಷಿಂಗ್ ಮೆಷಿನ್ ಮೇಲೆ ಚೀಟಿ. ಕಸದ ಡಬ್ಬದ ಮೇಲೆ ಪಟ್ಟಿ. ಆಫೀಸಿನ ಕೆಲಸ ಏನಿದ್ದರೂ ವೆಬ್‌ಸೈಟಿನಲ್ಲಿ. ನಾವು ಹೋಗಿ ಕೇಳಿದರೆ ಜನ ಸಿಟ್ಟಾಗುವುದಿಲ್ಲ, ನಗುತ್ತಲೇ "ಅಲ್ಲಿ ಬರೆದಿದೆ ನೋಡಿ" ಅಂತ ತೋರಿಸುತ್ತಾರೆ. ಅಷ್ಟೇ, ಮಾತು ಮುಗಿಯಿತು. "ಎಲ್ಲಿಂದ ಬಂದ್ರಿ, ಯಾವಾಗ ಬಂದ್ರಿ, ಊಟ ಆಯ್ತಾ" ಅನ್ನುವ ಮುಂದಿನ ಮಾತು ಬರುವುದೇ ಇಲ್ಲ. ಬಂದ ಹೊಸದರಲ್ಲಿ ಇದು ಮುಖದ ಮೇಲೆ ಬಾಗಿಲು ಹಾಕಿದ ಹಾಗೆ ಅನಿಸುತ್ತಿತ್ತು.

ಕಾಗದದ ಸರಪಳಿ ಹೀಗಿದೆ. ಮನೆ ಸಿಕ್ಕ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು, ಇವರ ಭಾಷೆಯಲ್ಲಿ ಅನ್‌ಮೆಲ್ಡುಂಗ್. ಅದಕ್ಕೆ ಮನೆ ಮಾಲೀಕರು ಸಹಿ ಹಾಕಿದ ಹಾಳೆ ಬೇಕು. ಆ ನೋಂದಣಿ ಚೀಟಿಯನ್ನು ಬ್ಯಾಂಕು ಕೇಳುತ್ತದೆ. ಬ್ಯಾಂಕ್ ಅಕೌಂಟ್ ಆದ ಮೇಲೆಯೇ ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟ ನಮ್ಮದೇ ದುಡ್ಡು ತಿಂಗಳಿಗೆ 992 ಯೂರೋದಂತೆ ಹೊರಗೆ ಬರುತ್ತದೆ. ಹಾಗಾಗಿ ಮೊದಲ ತಿಂಗಳ ಖರ್ಚಿಗೆ ಫಾರೆಕ್ಸ್ ಕಾರ್ಡಿನಲ್ಲಿ ಬೇರೆ ದುಡ್ಡು ಇಟ್ಟುಕೊಂಡು ಬನ್ನಿ. ಇದನ್ನು ಎರಡು ಸಲ ಓದಿ.

ಇನ್ನು ಅಂಚೆ ಡಬ್ಬ. ಬೆಂಗಳೂರಿನಲ್ಲಿ ಕಾಗದ ಬರೆಯುವುದನ್ನು ನಿಲ್ಲಿಸಿ ಎಷ್ಟು ವರ್ಷವಾಯಿತು? ಇಲ್ಲಿ ತೆರಿಗೆ ನಂಬರ್, ಇನ್ಶೂರೆನ್ಸ್, ಬ್ಯಾಂಕಿನ ಪಿನ್ ಎಲ್ಲ ಅಂಚೆಯಲ್ಲೇ ಬರುವುದು. ಡಬ್ಬದ ಮೇಲೆ ನಿಮ್ಮ ಹೆಸರು ಇರದಿದ್ದರೆ ಅಂಚೆಯವರು ಹಾಕದೆ ವಾಪಸ್ ಒಯ್ಯುತ್ತಾರೆ. ಮನೆ ನಂಬರ್ ಒಂದರಿಂದ ಏನೂ ಆಗುವುದಿಲ್ಲ, ಫ್ಲಾಟ್‌ಗಳಿಗೆ ನಂಬರೇ ಇರುವುದು ಕಡಿಮೆ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರಿದೆ. ಈಗ ಬೆಲ್ಲಿನ ಮೇಲೆ ಅಪ್ಪ, ಡಬ್ಬದ ಮೇಲೆ ಅಪ್ಪ, ಕಾಲೇಜಿನ ಇಮೇಲ್‌ನಲ್ಲೂ "ಶ್ರೀಮತಿ ಅಪ್ಪ". ಅಪ್ಪನಿಗೆ ಫೋಟೋ ಕಳಿಸಿದೆ. ಪಾಸ್‌ಪೋರ್ಟೇ ಇಲ್ಲದೆ ಜರ್ಮನಿಯಲ್ಲಿ ಮನೆ ಮಾಡಿದೆ ಅಂತ ಬೀಗುತ್ತಿದ್ದಾರೆ.

ಒಂದು ಸೋಮವಾರ ಬೆಳಗ್ಗೆ ಬಾಗಿಲು ತೆಗೆದರೆ ಹಿಡಿಕೆಗೆ ಮರದ ಪುಟ್ಟ ಫಲಕ ನೇತಾಡುತ್ತಿತ್ತು. ಅಂಗೈ ಅಗಲ, ಮೇಲೆ ಪೊರಕೆಯ ಚಿತ್ರ, ದಾರ ಕೈಯಾಡಿ ಕಪ್ಪಾಗಿತ್ತು. ಇದು ಈ ಕಡೆಯ ಪ್ರಸಿದ್ಧ "ಕೇರ್‌ವೊಖೆ". ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಮ್ಮದು ಅಂತ. 1492ರ ಊರಿನ ಕಟ್ಟಳೆಯ ಕಾಲದಿಂದಲೂ ಇದು ನಡೆದುಬಂದಿದೆ ಅನ್ನುತ್ತಾರೆ. ಶನಿವಾರ ನಾನು ಮೇಲಿಂದ ಒಂದೊಂದೇ ಮೆಟ್ಟಿಲು ಒರೆಸುತ್ತ ಇಳಿದೆ. ಕೆಳಗಿನ ಮನೆಯ ಅಜ್ಜಿ ಬಾಗಿಲು ಅರ್ಧ ತೆಗೆದು ನೋಡುತ್ತಿದ್ದರು. ನಾನು ಮುಗಿಸಿ ನೆಟ್ಟಗಾದ ಮೇಲೆ ಹೊರಗೆ ಬಂದರು. ಕೈಕಂಬಿಯ ಕೆಳಭಾಗಕ್ಕೆ ಬೆರಳು ಹಾಕಿ ಎಳೆದರು, ಬೆರಳು ನೋಡಿದರು, ತಲೆಯಾಡಿಸಿ ಒಳಗೆ ಹೋದರು. ಪಾಸಾದೆ ಅಂತ ಕಾಣುತ್ತದೆ. ಆಮೇಲೆ ಆ ಫಲಕವನ್ನು ಎದುರು ಮನೆಯ ಹಿಡಿಕೆಗೆ ನೇತುಹಾಕಬೇಕು. ಬೆಲ್ ಮಾಡಿ ಹೇಳುವ ಹಾಗಿಲ್ಲ. ಫಲಕ ಕಂಡರೆ ಅವರಿಗೆ ಗೊತ್ತಾಗುತ್ತದೆ. ನಮ್ಮ ಅಜ್ಜಿಯಾಗಿದ್ದರೆ ಇಷ್ಟು ಹೊತ್ತಿಗೆ ನನ್ನ ಜಾತಕವನ್ನೇ ಕೇಳಿಬಿಡುತ್ತಿದ್ದರು.

ಕ್ಲಾಸಿನಲ್ಲೂ ಅದೇ ಕಥೆ. ಹಾಜರಿ ಇಲ್ಲ, ಇಂಟರ್ನಲ್ಸ್ ಇಲ್ಲ, ಲ್ಯಾಬ್ ರೆಕಾರ್ಡಿಗೆ ಸಹಿ ಇಲ್ಲ. ಆದರೆ ಪರೀಕ್ಷೆಗೆ ನಾವೇ ಪೋರ್ಟಲ್‌ನಲ್ಲಿ ಹೆಸರು ಹಾಕಬೇಕು, ಅದಕ್ಕೂ ಕೊನೆ ದಿನ ಇದೆ. ಯಾರೂ ನೆನಪು ಮಾಡುವುದಿಲ್ಲ. ಪಾಠ ಮುಗಿದಾಗ ಎಲ್ಲರೂ ಚಪ್ಪಾಳೆ ಬದಲು ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಮೊದಲ ಸಲ ಕೇಳಿದಾಗ ಗಲಾಟೆ ಶುರುವಾಯಿತು ಅಂದುಕೊಂಡೆ.

ಬೇರೆ ಊರುಗಳಲ್ಲಿ ಇರುವವರೂ ಬರೆಯಿರಿ.

ರಾಜಾಜಿನಗರ ಅಮ್ಮ

ಬಹಳ ಚೆನ್ನಾಗಿ ಬರೆದಿದ್ದೀಯ ಪುಟ್ಟಿ. ನನ್ನ ಮಗ ಮುಂದಿನ ಅಕ್ಟೋಬರ್‌ಗೆ ಅಂತ ಓಡಾಡುತ್ತಿದ್ದಾನೆ. ಮನೆಯಲ್ಲಿ ಒಂದು ಲೋಟ ಎತ್ತಿಟ್ಟವನಲ್ಲ, ಇನ್ನು ಮೆಟ್ಟಿಲು ಒರೆಸುತ್ತಾನಂತೆ! ಆ ಅಜ್ಜಿಯ ನಂಬರ್ ಇದ್ದರೆ ಕೊಡು.

ನನ್ನ ಪ್ರಶ್ನೆ ಊಟದ್ದು. ತುಪ್ಪ, ಹುಳಿಪುಡಿ, ಚಟ್ನಿಪುಡಿ, ಧಾರವಾಡ ಪೇಡ, ಒಂದಿಷ್ಟು ಕರಿಬೇವು. ಇವೆಲ್ಲ ಬಿಡುತ್ತಾರಾ?

ಬಸವನಗುಡಿ ಹುಡುಗಿ

ಆಂಟಿ, ತುಪ್ಪ ಮತ್ತು ಪೇಡ ಬೇಡ. ಹೊರದೇಶದಿಂದ ಬರುವವರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರಬಾರದು ಅಂತ ಯೂರೋಪಿನ ನಿಯಮ. ಸಿಕ್ಕರೆ ಅಲ್ಲೇ ತೆಗೆದು ಹಾಕುತ್ತಾರೆ. ಹಸಿ ಕರಿಬೇವೂ ಬೇಡ. 2019ರ ಡಿಸೆಂಬರ್‌ನಿಂದ ಹಸಿ ಸೊಪ್ಪು, ಹಣ್ಣು, ತರಕಾರಿಗೆ ಸಸ್ಯ ಆರೋಗ್ಯ ಸರ್ಟಿಫಿಕೇಟ್ ಬೇಕು. ಅದರಿಂದ ಬಿಟ್ಟಿರುವುದು ಐದೇ ಹಣ್ಣು: ಬಾಳೆ, ತೆಂಗಿನಕಾಯಿ, ಅನಾನಸ್, ಖರ್ಜೂರ, ಡ್ಯುರಿಯನ್. ಎಲೆ ಅಡಿಕೆ ಒಂದಿದ್ದರೆ ತಾಂಬೂಲವೇ ಆಗುತ್ತಿತ್ತು.

ಪುಡಿಗಳು ಧಾರಾಳವಾಗಿ ತರಬಹುದು. ಹುಳಿಪುಡಿ, ಮೆಂತ್ಯದ ಹಿಟ್ಟು, ಪುಳಿಯೋಗರೆ ಗೊಜ್ಜು. ಅಕ್ಕಿ, ಬೇಳೆ, ರವೆ ಹೊತ್ತು ತರಬೇಡಿ. ಶ್ರೀಲಂಕಾ ತಮಿಳರ ಅಂಗಡಿಗಳಲ್ಲಿ ಎಲ್ಲ ಸಿಗುತ್ತದೆ, ಕರಿಬೇವು ಕೂಡ. ತುಪ್ಪಕ್ಕೆ ಇಲ್ಲಿನ ಬೆಣ್ಣೆ ಕಾಸಿದರೆ ಆಯಿತು. ಘಮ ನಮ್ಮ ಮನೆಯದ್ದಕ್ಕೆ ಏನೂ ಕಮ್ಮಿಯಿಲ್ಲ.

ವಾಪಸ್ ಬಂದವನು

ನಾನು ಜರ್ಮನಿಯ ಆಖೆನ್‌ನಲ್ಲಿ ಓದಿ, ಕೆಲಸ ಮಾಡಿ, ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇದ್ದೇನೆ. ನೀವು ಬರೆದದ್ದು ಅಕ್ಷರಶಃ ನಿಜ. ಆದರೆ ಒಂದು ತಕರಾರು ಇದೆ.

ನೀವು "ಯಾರನ್ನೂ ಕೇಳುವ ಹಾಗಿಲ್ಲ" ಅಂತ ಕೊರಗುತ್ತಿದ್ದೀರಿ. ಬರೆದಿಟ್ಟಿರುವುದರಲ್ಲಿ ಹೊಸಬನಿಗೆ ಎಂಥ ರಕ್ಷಣೆ ಇದೆ ಅಂತ ನನಗೆ ಗೊತ್ತಾದದ್ದು ವಾಪಸ್ ಬಂದ ಮೇಲೆ. ಅಲ್ಲಿ ಮನೆ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಕಾನೂನಿನಲ್ಲೇ ಇದೆ. ಅದೂ ಹೀಟಿಂಗ್, ನೀರಿನ ಖರ್ಚು ಸೇರಿಸದ ಬಾಡಿಗೆಯ ಮೂರು ಪಟ್ಟು. ನಾನು ಭಾರತದವನೋ ಬವೇರಿಯಾದವನೋ, ಲೆಕ್ಕ ಒಂದೇ. ಬೆಂಗಳೂರಿಗೆ ಬಂದು ಮನೆ ಹುಡುಕಿದಾಗ ಒಬ್ಬರು ಹತ್ತು ತಿಂಗಳು ಅಂದರು, ಇನ್ನೊಬ್ಬರು "ನಿಮಗಾಗಿ ಆರು" ಅಂದರು, ಮತ್ತೊಬ್ಬರು ಮೊದಲು ಏನು ಜನ ಅಂತ ಕೇಳಿದರು. ಪೇಂಟಿಂಗ್ ಅಂತ ಬಿಡುವಾಗ ಹಿಡಿಯುವ ದುಡ್ಡು ಬೇರೆ. ಮಾತಿನಲ್ಲಿ ನಡೆಯುವ ಊರಿನಲ್ಲಿ ಮಾತು ಬಲ್ಲವನೇ ಗೆಲ್ಲುವುದು.

ಹಾಗಂತ ಜರ್ಮನಿ ಗಡಿಯಾರದ ದೇಶ ಅಂತ ನಂಬಿಕೊಂಡು ಹೋಗಬೇಡಿ. 2024ರಲ್ಲಿ ಅವರ ದೂರದೂರಿನ ರೈಲುಗಳಲ್ಲಿ ಸಮಯಕ್ಕೆ ಬಂದದ್ದು ಸುಮಾರು 62 ಪರ್ಸೆಂಟ್. ಅದೂ ಆರು ನಿಮಿಷದೊಳಗಿನ ತಡವನ್ನು ತಡ ಅಂತ ಎಣಿಸದೆ! ಒಂದು ಸಂಪರ್ಕ ತಪ್ಪಿದರೆ ಮುಂದಿನದೆಲ್ಲ ಕೈಬಿಟ್ಟಿತು. ವೀಸಾ ಅಪಾಯಿಂಟ್‌ಮೆಂಟ್, ಪರೀಕ್ಷೆ ಇದ್ದ ದಿನ ಒಂದು ರೈಲು ಮುಂಚೆಯೇ ಹೊರಡಿ.

ಸುಮ್ನೆ ಓದುವವಳು

62 ಪರ್ಸೆಂಟಾ? ಹಾಗಾದರೆ ನಮ್ಮ ಸಿಲ್ಕ್ ಬೋರ್ಡ್ ಸಿಗ್ನಲ್‌ಗೂ ಒಂದು ಸರ್ಟಿಫಿಕೇಟ್ ಕೊಡಬಹುದು.

ಲೋನ್ ಲೆಕ್ಕ

ಬ್ಯಾಂಕಿನಲ್ಲಿ ಎಜುಕೇಶನ್ ಲೋನ್ ವಿಭಾಗದಲ್ಲಿ ಇರುವವನು. ಅನಿಸಿಕೆ ಎಲ್ಲ ಸರಿ, ದುಡ್ಡಿನ ಮಾತು ಆಡೋಣ. "ಜರ್ಮನಿಯಲ್ಲಿ ಓದು ಫ್ರೀ" ಅಂದುಕೊಂಡು ಅಪ್ಪ ಅಮ್ಮಂದಿರು ನಮ್ಮ ಮುಂದೆ ಬಂದು ಕೂರುತ್ತಾರೆ. ಬಹಳಷ್ಟು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸು ಇಲ್ಲ, ನಿಜ. ಆದರೆ ಸ್ಟಟ್‌ಗಾರ್ಟ್ ಇರುವ ಬಾಡೆನ್ ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ಯೂರೋಪಿನ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಹೊಸದಾಗಿ ಸೇರುವವರಿಗೆ ಶುರು ಮಾಡಿದೆ. ಅಲ್ಲಿ ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ.

ಬ್ಲಾಕ್ಡ್ ಅಕೌಂಟಿಗೆ ವರ್ಷಕ್ಕೆ 11,904 ಯೂರೋ. ಯೂರೋ ನೂರು ರೂಪಾಯಿ ದಾಟಿ ಕೂತಿದೆ, ಅಂದರೆ ಹನ್ನೆರಡು ಲಕ್ಷ ಮೊದಲೇ ಕಟ್ಟಬೇಕು. ಖರ್ಚಾಗುವ ದುಡ್ಡೇ ಅದು, ಕಳೆದುಹೋಗುವುದಲ್ಲ. ಆದರೂ ವೀಸಾಗೆ ಮುಂಚೆ ಕೈಯಲ್ಲಿ ಇರಬೇಕಲ್ಲ. 2025ರ ಏಪ್ರಿಲ್‌ನಿಂದ ಒಂದು ಅನುಕೂಲ ಆಗಿದೆ. ಬ್ಯಾಂಕ್ ಲೋನಿನಿಂದ ಕಳಿಸುವ ಓದಿನ ದುಡ್ಡಿಗೆ ಟಿಸಿಎಸ್, ಅಂದರೆ ಹೊರದೇಶಕ್ಕೆ ಕಳಿಸುವಾಗ ಮೊದಲೇ ಹಿಡಿಯುವ ತೆರಿಗೆ, ಹಿಡಿಯುವುದಿಲ್ಲ. ಸ್ವಂತ ದುಡ್ಡಾದರೆ ವರ್ಷಕ್ಕೆ ಹತ್ತು ಲಕ್ಷದವರೆಗೆ ಇಲ್ಲ.

ಪಾರ್ಟ್ ಟೈಮ್ ಕೆಲಸದಲ್ಲೇ ಲೋನ್ ತೀರಿಸುತ್ತೇನೆ ಅನ್ನುವ ಹುಡುಗರಿಗೆ: ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಕನಿಷ್ಠ ಕೂಲಿ 2025ರಲ್ಲಿ ಗಂಟೆಗೆ 12.82 ಯೂರೋ. ಅದು ಊಟ, ಬಾಡಿಗೆಗೆ ಆಗಬಹುದು. ಲೋನ್ ತೀರಿಸುವ ಲೆಕ್ಕ ಅದರಲ್ಲಿ ಹಾಕಬೇಡಿ.

ಬಸವನಗುಡಿ ಹುಡುಗಿ

ಅಣ್ಣ ಹೇಳಿದ್ದು ಸರಿ. ನನ್ನ ಖರ್ಚೂ ಹೇಳಿಬಿಡುತ್ತೇನೆ. ಹೆಲ್ತ್ ಇನ್ಶೂರೆನ್ಸ್ ತಿಂಗಳಿಗೆ ಸುಮಾರು 140 ಯೂರೋ, ಇದು ಕಡ್ಡಾಯ. ದೇಶವಿಡೀ ಲೋಕಲ್ ರೈಲು, ಬಸ್ಸು ಓಡಾಡುವ ಟಿಕೆಟ್ ತಿಂಗಳಿಗೆ 2025ರಲ್ಲಿ 58, 2026ರ ಜನವರಿಯಿಂದ 63. ಓದುವವರಿಗೆ ರಿಯಾಯಿತಿ ರಾಜ್ಯಕ್ಕೊಂದು, ಕಾಲೇಜಿಗೊಂದು ಥರ. ಆಮೇಲೆ ಟಿವಿ, ರೇಡಿಯೋ ಬಾಬ್ತು ಅಂತ ಮನೆಗೆ ತಿಂಗಳಿಗೆ 18.36 ಯೂರೋ. ಟಿವಿ ಇಲ್ಲದಿದ್ದರೂ ಕಟ್ಟಬೇಕು. ಒಂದೇ ಮನೆಯಲ್ಲಿ ನಾಲ್ವರಿದ್ದರೆ ಹಂಚಿಕೊಳ್ಳಬಹುದು. ಈ ಪತ್ರ ಬಂದಾಗ ಯಾವುದೋ ಮೋಸದ ಬಿಲ್ಲು ಅಂತ ಹರಿದು ಹಾಕುವವರಿದ್ದಾರೆ. ಹರಿಯಬೇಡಿ, ಅದು ನಿಜವಾದದ್ದೇ.

ಉಳಿಸುವುದಕ್ಕೂ ದಾರಿ ಇದೆ. ಕಾಲೇಜಿನ ಮೆನ್ಸಾದಲ್ಲಿ, ಅಂದರೆ ಕ್ಯಾಂಟೀನಿನಲ್ಲಿ, ಊಟ ಅಗ್ಗ, ವೆಜ್ ದಿನಾಲೂ ಇರುತ್ತದೆ. ನಲ್ಲಿ ನೀರು ಹಾಗೇ ಕುಡಿಯಬಹುದು, ಕ್ಯಾನಿನ ಚಿಂತೆ ಇಲ್ಲ. ಖಾಲಿ ಪೆಟ್ ಬಾಟಲಿ ಅಂಗಡಿಯ ಮೆಷಿನ್‌ಗೆ ಹಾಕಿದರೆ 25 ಸೆಂಟ್ ವಾಪಸ್.

ರಾಯಚೂರು ಟು ಯಶವಂತಪುರ

ಅಕ್ಕಾರ, ನಿಮ್ಮ ಬರಹ ಓದಿ ಖುಷಿ ಆಯಿತು. ಆದರೆ ಒಂದು ಮಾತು ಹೇಳಲೇಬೇಕು.

"ಬೆಂಗಳೂರಿನಲ್ಲಿ ಕೇಳಿದರೆ ಎಲ್ಲರೂ ಹೇಳುತ್ತಾರೆ" ಅಂದಿರಲ್ಲ, ಅದು ಬಸವನಗುಡಿಯಲ್ಲಿ ಹುಟ್ಟಿದವರ ಬೆಂಗಳೂರು. ನಾನು ಡಿಗ್ರಿ ಓದಲು ಬಂದಾಗ ಬಾಯಿ ಬಿಟ್ಟರೆ ಸಾಕು, "ಯಾವ ಕಡೆಯವ್ರು ನೀವು?" ಅಂತ ಮರುಪ್ರಶ್ನೆ ಬರುತ್ತಿತ್ತು. ದಾರಿ ಗೊತ್ತಾಗುವ ಮೊದಲು ನನ್ನ ಊರು, ಅಪ್ಪನ ಕಸುಬು ಅವರಿಗೆ ಗೊತ್ತಾಗುತ್ತಿತ್ತು. ನನ್ನ ಕನ್ನಡ ಕೇಳಿ ನಕ್ಕವರು ಇದ್ದಾರೆ. ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಟ್ಟವರೂ ಇದ್ದಾರೆ. ಆಟೋದವರಿಗೆ ನನ್ನ ಮಾತು ಕೇಳಿದ ಕೂಡಲೇ ರೇಟು ಹೊಳೆಯುತ್ತಿತ್ತು.

ನನಗೆ ಈ ಊರು ಹಗುರ ಅನಿಸಿದ್ದು ಮೆಟ್ರೋದಿಂದ. ಕನ್ನಡದಲ್ಲಿ ಬರೆದ ಬೋರ್ಡು, ಬರೆದ ದರ, ಬಾಣದ ಗುರುತು. ಯಾರ ಹಂಗೂ ಇಲ್ಲದೆ ಯಶವಂತಪುರದಿಂದ ಜಯನಗರಕ್ಕೆ ಹೋಗಿ ಬಂದ ದಿನ ಊರಿಗೆ ಫೋನ್ ಮಾಡಿ ಹೇಳಿದ್ದೆ. ಹಾಗಾಗಿ ನಿಮಗೆ ಬೇಸರ ತಂದ ಆ ಬೋರ್ಡುಗಳ ಊರಿಗೆ ನಾನು ಹೋದರೆ ಆರಾಮಾಗಿ ಇರುತ್ತೇನೆ ಅನಿಸುತ್ತದೆ.

ಬಸವನಗುಡಿ ಹುಡುಗಿ

ಈ ಕಡೆಯಿಂದ ನಾನು ಯೋಚಿಸಿಯೇ ಇರಲಿಲ್ಲ. ಬೋರ್ಡಿಗೆ ನಮ್ಮ ಉಚ್ಚಾರ ಕೇಳಿಸುವುದಿಲ್ಲ ಅನ್ನುವುದು ಇಲ್ಲೂ ಅಷ್ಟೇ ನಿಜ. ಮೆಷಿನ್‌ನಲ್ಲಿ ಟಿಕೆಟ್ ತಗೊಳ್ಳುವಾಗ ನನ್ನ ಹರುಕು ಜರ್ಮನ್‌ಗೆ ಯಾರೂ ಹುಬ್ಬು ಏರಿಸುವುದಿಲ್ಲ.

ಆದರೆ ಒಂದು ಕೇಳುತ್ತೇನೆ. ಆಟೋದವರು ಜಾಸ್ತಿ ಕೇಳಿದರು, ಸರಿ. ರೂಮು, ಮೆಸ್ಸು, ಮೊದಲ ಸ್ನೇಹಿತ, ಇವೆಲ್ಲ ಹೇಗೆ ಸಿಕ್ಕವು? ಬೋರ್ಡು ಓದಿಯಾ?

ರಾಯಚೂರು ಟು ಯಶವಂತಪುರ

ಹಹ್ಹ. ಇಲ್ಲರೀ. ನಮ್ಮ ಕಡೆಯ ಖಾನಾವಳಿಗೆ ಜೋಳದ ರೊಟ್ಟಿ ತಿನ್ನಲು ಹೋಗಿದ್ದೆ. ಮಾಲೀಕರು "ಯಾವೂರು ತಮ್ಮಾ" ಅಂದರು. ರೂಮೂ ಅವರೇ ಕೊಡಿಸಿದರು. ಈ ಸುತ್ತು ನಿಮಗೇ ಬಿಟ್ಟೆ.

ಕಮ್ಮನಹಳ್ಳಿ ಪಿಜಿ

ನಾನು ಇದರ ಇನ್ನೊಂದು ಮಗ್ಗುಲು ನೋಡುವವನು. ನಮ್ಮ ಕಟ್ಟಡದಲ್ಲಿ ಆಫ್ರಿಕಾದ ಹುಡುಗರು, ಯೆಮೆನ್ ಹುಡುಗರು ಬಹಳ ವರ್ಷದಿಂದ ಇದ್ದಾರೆ. ಕಮ್ಮನಹಳ್ಳಿ, ಹೆಣ್ಣೂರು, ಕಲ್ಯಾಣನಗರ ಕಡೆ ಓದಲು ಬಂದ ಹೊರದೇಶದವರು ಜಾಸ್ತಿ.

ಮೊದಲು ಕಾಗದದ ವಿಷಯ. ಜರ್ಮನಿಯಲ್ಲಿ ಮಾತ್ರ ಎರಡು ವಾರದ ನಿಯಮ ಅಂದುಕೊಳ್ಳಬೇಡಿ. ಓದಲು ಬಂದ ವಿದೇಶಿಯರು ನಮ್ಮಲ್ಲೂ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಒದಲ್ಲಿ ನೋಂದಣಿ ಮಾಡಿಸಬೇಕು. ಅವರು ಬಂದು ಇಳಿದ 24 ಗಂಟೆಯೊಳಗೆ ಮನೆ ಕೊಟ್ಟ ನಾವು ಆನ್‌ಲೈನ್‌ನಲ್ಲಿ ಮಾಹಿತಿ ಹಾಕಬೇಕು. ಫಾರ್ಮ್ ಸಿ ಅಂತಲೇ ನಾವು ಕರೆಯುವುದು. ಬಾಡಿಗೆ ಕರಾರು, ಕಾಲೇಜಿನ ಬೋನಫೈಡ್, ಫೋಟೋ. ಸರಪಳಿ ನಮ್ಮದೂ ಉದ್ದವೇ ಇದೆ. ನಾವು ಇಲ್ಲಿಯವರಾದ್ದರಿಂದ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

ಆ ಹುಡುಗರು ಬೆಂಗಳೂರಿನ ಬಗ್ಗೆ ಹೇಳುವ ದೂರು ಗೊತ್ತಾ? ಕೇಳಿದರೆ ಎಲ್ಲರೂ ಹೇಳುತ್ತಾರೆ, ಆದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. "ಗೊತ್ತಿಲ್ಲ" ಅನ್ನುವವರೇ ಇಲ್ಲ. ದಾರಿ ಕೇಳಿದರೆ ಗೊತ್ತಿಲ್ಲದವರೂ ಕೈ ತೋರಿಸುತ್ತಾರೆ. "ನಾಳೆ ಬನ್ನಿ" ಅಂದರೆ ನಾಳೆ ಅಂತ ನಂಬಿಕೊಂಡು ಬಂದುಬಿಡುತ್ತಾರೆ ಪಾಪ. ತಲೆಯನ್ನು ಆ ಕಡೆ ಈ ಕಡೆ ಆಡಿಸಿದರೆ ಹೌದೋ ಇಲ್ಲವೋ ಅಂತ ತಿಳಿಯದೆ ನನ್ನ ಹತ್ತಿರ ಬಂದು ಕೇಳಿದವರಿದ್ದಾರೆ. ಸುಡಾನಿನ ಒಬ್ಬ ಹುಡುಗ ಒಂದು ಪುಟ್ಟ ನೋಟ್‌ಬುಕ್ ಇಟ್ಟಿದ್ದ. ಯಾವ ಅಂಗಡಿಯಲ್ಲಿ ಯಾವ ಸಾಮಾನಿಗೆ ಎಷ್ಟು ಕೊಟ್ಟೆ ಅಂತ ಬರೆದುಕೊಳ್ಳುತ್ತಿದ್ದ. ಒಂದೇ ಬಾಳೆಹಣ್ಣಿಗೆ ಒಂದೇ ಬೀದಿಯಲ್ಲಿ ಮೂರು ರೇಟು. ಅದನ್ನು ನನಗೆ ತೋರಿಸಿದಾಗ ನನಗೆ ಮಾತೇ ಬರಲಿಲ್ಲ.

ಅವರ ಕೈಗೆ ಸುಲಭವಾಗಿ ಮನೆ ಸಿಗುವುದಿಲ್ಲ ಅನ್ನುವುದನ್ನೂ ಸೇರಿಸುತ್ತೇನೆ. ಬಣ್ಣ ನೋಡಿ ಬಾಗಿಲು ಹಾಕುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಬರೆದ ನಿಯಮ ಇದ್ದಿದ್ದರೆ ಎಷ್ಟೋ ವಾಸಿ.

ವಾಪಸ್ ಬಂದವನು

ಇದನ್ನೇ ನಾನು ಹೇಳಲು ಹೊರಟದ್ದು. ಪಿಜಿ ಅಣ್ಣ ಚೆನ್ನಾಗಿ ಹೇಳಿದರು. ಆದರೆ ಜರ್ಮನಿಯಲ್ಲೂ ಹೆಸರು ನೋಡಿಯೇ ಮನೆ ಮೇಲ್‌ಗೆ ಉತ್ತರ ಕೊಡದವರು ಇದ್ದಾರೆ. ಅಡ್ವಾನ್ಸ್ ಎಷ್ಟು ಅಂತ ಕಾನೂನು ಹೇಳುತ್ತದೆ. ಉತ್ತರವನ್ನೇ ಬರೆಯದೆ ಕೂತವರನ್ನು ಹಿಡಿಯುವುದು ಕಷ್ಟ.

ಮೇಷ್ಟ್ರು, ನಿವೃತ್ತ

ನಿಮ್ಮ ಚರ್ಚೆಯಲ್ಲಿ ತಲೆ ಹಾಕಬಹುದಾ? ಎಂ.ಜಿ. ರಸ್ತೆಯಲ್ಲಿ ಕಿಟೆಲ್ ಪ್ರತಿಮೆ ಇದೆ, ನೋಡಿದವರು ಎಷ್ಟು ಜನ? ಆತ ಜರ್ಮನಿಯವನು. ಬಾಸೆಲ್ ಮಿಷನ್ ಕಡೆಯಿಂದ 1853ರಲ್ಲಿ ನಮ್ಮ ಕಡೆ ಬಂದವನು. ಬಂದದ್ದು ಧರ್ಮ ಪ್ರಚಾರಕ್ಕೆ, ಆದರೆ ಮುಳುಗಿದ್ದು ಕನ್ನಡದಲ್ಲಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವನ ಕನ್ನಡ ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಆಗ ಅವನಿಗೆ ಓದಿ ತಿಳಿಯಲು ಯಾವ ಬೋರ್ಡು ಇತ್ತು? ತಾಳೆಗರಿ ಓದಿಸಿಕೊಂಡ, ಪಂಡಿತರನ್ನು ಕೇಳಿದ, ಊರಿನವರನ್ನು ಕೇಳಿದ. ಹೊಸಬ ಅಂತ ನಮ್ಮವರು ಬೇಸರಪಟ್ಟುಕೊಳ್ಳದೆ ಹೇಳಿದರು.

ಮಗಳೇ, ಅವನು ತೀರಿಕೊಂಡದ್ದು 1903ರಲ್ಲಿ ಟ್ಯೂಬಿಂಗನ್‌ನಲ್ಲಿ. ನೀನಿರುವ ಊರಿಗೆ ಹತ್ತಿರ, ರೈಲಿನಲ್ಲಿ ಒಂದು ಗಂಟೆಯೊಳಗೆ. ಬಿಡುವಿದ್ದಾಗ ಒಂದು ಭಾನುವಾರ ಹೋಗಿ ಬಾ. ಅಂಗಡಿಯಂತೂ ತೆಗೆದಿರುವುದಿಲ್ಲವಲ್ಲ ಅಲ್ಲಿ.

ಇನ್ನೊಂದು. ಆ ಮೆಟ್ಟಿಲ ಅಜ್ಜಿ ಬೆರಳು ಹಾಕಿ ನೋಡಿದರು ಅಂದೆಯಲ್ಲ. ಮುಂದಿನ ಸಲ ನೀನೇ ಮಾತು ತೆಗೆ. ಅವರು ಕೇಳಲಿಲ್ಲ ಅಂತ ನೀನೂ ಕೇಳದಿದ್ದರೆ ಹೇಗೆ?

ಬಸವನಗುಡಿ ಹುಡುಗಿ

ಮೇಷ್ಟ್ರೇ, ನಮಸ್ಕಾರ. ಟ್ಯೂಬಿಂಗನ್‌ಗೆ ಖಂಡಿತ ಹೋಗುತ್ತೇನೆ. ಭಾನುವಾರದ ಬಗ್ಗೆ ಬರೆಯಲು ಮರೆತಿದ್ದೆ. ರೈಲ್ವೆ ಸ್ಟೇಷನ್ನಿನ ಅಂಗಡಿ, ಪೆಟ್ರೋಲ್ ಬಂಕ್, ಒಂದಿಷ್ಟು ಬೇಕರಿ ಬಿಟ್ಟರೆ ಎಲ್ಲ ಬಂದ್. ಭಾನುವಾರದ ವಿಶ್ರಾಂತಿಯನ್ನು ಸಂವಿಧಾನದಲ್ಲೇ ಬರೆದಿಟ್ಟಿದ್ದಾರೆ. ಗಾಜಿನ ಬಾಟಲಿಯನ್ನು ಬೀದಿಯ ದೊಡ್ಡ ಡಬ್ಬಕ್ಕೆ ಹಾಕುವುದೂ ಭಾನುವಾರ ತಪ್ಪು, ಸದ್ದಾಗುತ್ತದೆ ಅಂತ. ಗಾಂಧಿ ಬಜಾರಿನಲ್ಲಿ ಭಾನುವಾರ ಸಂಜೆ ನೋಡಿ ಬೆಳೆದವರಿಗೆ ಕರ್ಫ್ಯೂ ಥರ ಅನಿಸುತ್ತದೆ.

ಅಜ್ಜಿ ವಿಷಯಕ್ಕೆ ಬರುತ್ತೇನೆ. ನಿಮ್ಮ ಮಾತು ಓದಿದ ಮೇಲೆ ಕೋಡುಬಳೆ ಡಬ್ಬ ಹಿಡಿದು ಕೆಳಗೆ ಹೋದೆ. ಬಾಗಿಲು ತೆಗೆದರು. ಜರ್ಮನ್‌ನಲ್ಲಿ "ನಮ್ಮ ಅಮ್ಮ ಮಾಡಿದ್ದು" ಅಂದೆ. ಡಬ್ಬ ತಗೊಂಡರು, ಒಂದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಖಾರ ಇದೆಯಾ ಅಂತ ಕೇಳಿದರು. ಸ್ವಲ್ಪ ಅಂದೆ. ಕಚ್ಚಿದರು. ಕಣ್ಣಲ್ಲಿ ನೀರು ಬಂತು, ಆದರೂ ಪೂರ್ತಿ ತಿಂದರು. ಆಮೇಲೆ ಬಾಗಿಲಲ್ಲೇ ನಿಂತು ಬಹಳ ಹೊತ್ತು ಮಾತಾಡಿದರು. ಈ ಕಡೆಯ ಸ್ವಾಬಿಯನ್ ಮಾತಿನ ಧಾಟಿಯಲ್ಲಿ ನನಗೆ ಅರ್ಧಕ್ಕೆ ಅರ್ಧ ತಿಳಿಯಲಿಲ್ಲ. ಇಂದಿರಾನಗರದಲ್ಲಿ ಕಲಿತ ಜರ್ಮನ್ನಿಗೆ ಇದರ ಗಾಳಿಯೂ ಸೋಕಿಲ್ಲ. ತಿಳಿದದ್ದು ಇಷ್ಟು: ಅವರ ಗಂಡ ಕಾರಿನ ಬಿಡಿಭಾಗದ ಕಾರ್ಖಾನೆಯಲ್ಲಿದ್ದರು, ಕೆಲಸದ ಮೇಲೆ ಬೆಂಗಳೂರಿಗೂ ಬಂದಿದ್ದರು. ಆಡುಗೋಡಿ ಅನ್ನುವ ಹೆಸರನ್ನು ಅವರ ಬಾಯಲ್ಲಿ ಕೇಳಿ ನಾನು ಅಲ್ಲೇ ನಿಂತುಬಿಟ್ಟೆ.

ಆದರೂ ನನ್ನ ಮೊದಲಿನ ಮಾತು ಪೂರ್ತಿ ಹಿಂದೆಗೆದುಕೊಳ್ಳುವುದಿಲ್ಲ. ಇಲ್ಲಿ ಮಾತು ಶುರು ಮಾಡುವ ಕೆಲಸ ಪ್ರತಿ ಸಲ ಬಂದವರದ್ದೇ. ಅದು ದಣಿವಿನ ಕೆಲಸ. ಜರ್ಮನ್ ಭಾಷೆಯ ಮೊದಲ ಮಟ್ಟ ಎ1 ಮುಗಿಸಿ ಇಂಗ್ಲಿಷ್ ಕೋರ್ಸು ತಾನೇ ಅಂತ ನಿಲ್ಲಿಸುವವರು ದಯವಿಟ್ಟು ಮೂರನೇ ಮಟ್ಟ ಬಿ1 ತನಕ ಬೆಂಗಳೂರಿನಲ್ಲೇ ಮುಗಿಸಿಕೊಂಡು ಬನ್ನಿ. ಕೋರ್ಸಿಗೆ ಬೇಡದಿದ್ದರೂ ಮೆಟ್ಟಿಲಿಗೆ ಬೇಕು.

ಸುಮ್ನೆ ಓದುವವಳು

ಕೋಡುಬಳೆ ತಿಂದು ಆಡುಗೋಡಿ ನೆನೆದ ಅಜ್ಜಿ. ನಾನು ಇವತ್ತು ಇನ್ನೇನೂ ಓದುವುದಿಲ್ಲ.

ಹೆಬ್ಬಾಳ ಹುಡುಗ

ಅಕ್ಕಾ, ನಂದೂ ಅಡ್ಮಿಷನ್ ಆಗಿದೆ, ಏಪ್ರಿಲ್ ಸೆಮಿಸ್ಟರ್, ಡ್ರೆಸ್ಡನ್. ಎರಡು ಪ್ರಶ್ನೆ. ಮಾರ್ಕ್ಸ್ ಹೇಗೆ? ಮನೆಗೆ ಫೋನ್ ಮಾಡುವ ಟೈಮ್ ಹೇಗೆ?

ಬಸವನಗುಡಿ ಹುಡುಗಿ

ಮಾರ್ಕ್ಸ್ ತಲೆಕೆಳಗು. 1.0 ಅಂದರೆ ಬೆಸ್ಟು, 4.0 ಪಾಸು, 5.0 ಫೇಲು. ಮನೆಯವರಿಗೆ ಮೊದಲೇ ಹೇಳಿಡು. ಇಲ್ಲವಾದರೆ 1.3 ಬಂದಾಗ ಅಮ್ಮ ಅಳುತ್ತಾರೆ, 4.0 ಬಂದಾಗ ಸಿಹಿ ಹಂಚುತ್ತಾರೆ.

ಟೈಮು ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ, ಅಕ್ಟೋಬರ್ ಕೊನೆಯ ಭಾನುವಾರದಿಂದ ನಾಲ್ಕೂವರೆ. ಗಡಿಯಾರ ಬದಲಾದ ಮೇಲೆ ಸಂಜೆ ಐದೂಕಾಲಿಗೇ ಸೂರ್ಯ ಮುಳುಗುತ್ತಾನೆ. ನಾನು ಕ್ಲಾಸು ಮುಗಿಸಿ ಬರುವಾಗ ಮನೆಯಲ್ಲಿ ಅಪ್ಪ ಹಾಸಿಗೆ ಹಾಸುತ್ತಿರುತ್ತಾರೆ. ಮಧ್ಯಾಹ್ನದ ಊಟದ ಹೊತ್ತು ಮಾಡಿಕೊಂಡರೆ ಇಬ್ಬರಿಗೂ ಅನುಕೂಲ.

ರಾಜಾಜಿನಗರ ಅಮ್ಮ

ಕೊನೆಯದು ಪುಟ್ಟಿ, ಆಮೇಲೆ ತೊಂದರೆ ಕೊಡುವುದಿಲ್ಲ. ಕುಕ್ಕರ್ ಕಳಿಸಲಾ?

ಬಸವನಗುಡಿ ಹುಡುಗಿ

ಕಳಿಸಿ ಆಂಟಿ, ಆದರೆ ಇಂಡಕ್ಷನ್‌ಗೆ ಆಗುವ ಸ್ಟೀಲಿನದ್ದು. ಬರೀ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯಲ್ಲಿ ಬಿಸಿಯೇ ಆಗುವುದಿಲ್ಲ. ನಮ್ಮ ಮೂರು ಪಿನ್ ಪ್ಲಗ್ ಇಲ್ಲಿ ಕೂರುವುದಿಲ್ಲ, ಅಡಾಪ್ಟರ್ ಎರಡು ಹಾಕಿ. ಮಲಗುವ ಕೋಣೆಯಲ್ಲಿ ಹೊಗೆ ಅಲಾರಂ ಇದ್ದೇ ಇರುತ್ತದೆ. ಒಗ್ಗರಣೆ ಹಾಕುವಾಗ ರೂಮಿನ ಬಾಗಿಲು ಮುಚ್ಚಿ, ಅಡುಗೆಮನೆ ಕಿಟಕಿ ತೆಗೆಯಬೇಕು ಅಂತ ಅವನಿಗೆ ಈಗಿನಿಂದಲೇ ಹೇಳಿಕೊಡಿ. ಕೆಲವು ಹಾಸ್ಟೆಲ್‌ಗಳಲ್ಲಿ ಅಲಾರಂ ಹೊಡೆದರೆ ಫೈರ್ ಎಂಜಿನ್ನೇ ಬರುತ್ತದೆ, ಬಿಲ್ಲು ಒಗ್ಗರಣೆ ಹಾಕಿದವರಿಗೆ.

ರಾಜಾಜಿನಗರ ಅಮ್ಮ

ಅಯ್ಯೋ ದೇವರೇ. ಮೂರು ಲೀಟರಿನದ್ದಾ, ಐದರದ್ದಾ?

ಬಸವನಗುಡಿ ಹುಡುಗಿ

ಮೂರು ಸಾಕು. ಗ್ಯಾಸ್ಕೆಟ್ ಒಂದೆರಡು ಜಾಸ್ತಿ ಹಾಕಿ, ಇಲ್ಲಿ ಸಿಗುವುದಿಲ್ಲ.